ಯಾರು ಲಿಥುವೇನಿಯನ್? – ಒಂದು ಕುಲೀನ ವರ್ಗದ ಕಥೆ



ಒಂದೇ ಮನೆಯ ಇಬ್ಬರು ಸೋದರರಿಂದ ಆರಂಭಿಸೋಣ. ಹಿರಿಯರು ಸ್ತಾನಿಸ್ಲೋವಸ್ ನಾರುತಾವಿಚ್ಯುಸ್. 1918ರ ಫೆಬ್ರವರಿ 16ರಂದು ವಿಲ್ನಿಯಸ್ ನಗರದಲ್ಲಿ ಲಿಥುವೇನಿಯದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಇಪ್ಪತ್ತು ಮಂದಿಯಲ್ಲಿ ಅವರೂ ಒಬ್ಬರು. ಕಿರಿಯರು ಗೇಬ್ರಿಯೆಲ್ ನಾರುತೊವಿಚ್. ಇವರು ಜಲವಿದ್ಯುತ್ ಎಂಜಿನಿಯರು. ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು. 1922ರ ಡಿಸೆಂಬರ್ 9ರಂದು ಇವರು ಪೋಲೆಂಡಿನ ಮೊದಲ ರಾಷ್ಟ್ರಾಧ್ಯಕ್ಷರಾಗಿ ಆಯ್ಕೆಯಾದರು. ಒಂದು ವಾರ ಕಳೆಯುವಷ್ಟರಲ್ಲಿ, ಡಿಸೆಂಬರ್ 16ರಂದು, ವಾರ್ಸಾದ ಒಂದು ಚಿತ್ರಶಾಲೆಯಲ್ಲಿ ಗುಂಡಿಗೆ ಬಲಿಯಾದರು. ಆ ದಿನಗಳಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಗಳ ನಡುವೆ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ವಿಲ್ನಿಯಸ್ ನಗರ ಯಾರದೆಂಬ ಜಗಳದಲ್ಲಿ ಎರಡು ದೇಶಗಳೂ ಪರಸ್ಪರ ಮುಖ ತಿರುಗಿಸಿ ಕುಳಿತಿದ್ದವು. ಅಣ್ಣ ಒಂದು ದೇಶದ ಸಂಸ್ಥಾಪಕರಲ್ಲೊಬ್ಬ, ತಮ್ಮ ಅದರ ಎದುರಾಳಿ ದೇಶದ ಅಧ್ಯಕ್ಷ!

ಇಬ್ಬರ ಮನೆತನದ ಹೆಸರೂ ಒಂದೇ. ಒಂದು ಲಿಥುವೇನಿಯನ್ ರೂಪ, ಇನ್ನೊಂದು ಪೋಲಿಷ್ ರೂಪ, ಅಷ್ಟೇ. ಹಾಗಾದರೆ ಇವರಲ್ಲಿ ನಿಜವಾದ ಲಿಥುವೇನಿಯನ್ ಯಾರು ಎಂದು ನೀವು ಕೇಳಬಹುದು. ಈ ಪ್ರಶ್ನೆಯನ್ನು ಅವರ ಮುತ್ತಜ್ಜನಿಗೆ ಕೇಳಿದ್ದರೆ ಆತನಿಗೆ ಅದು ಅರ್ಥವೇ ಆಗುತ್ತಿರಲಿಲ್ಲ. ‘ಲಿಥುವೇನಿಯನ್’ ಎಂಬ ಪದದ ಅರ್ಥವೇ ನಡುವೆ ಬದಲಾಗಿಬಿಟ್ಟಿತು. ಹಿಂದೆ ಅದು ಒಂದು ರಾಜ್ಯದಲ್ಲಿ ಹಕ್ಕುಳ್ಳವನ ಹೆಸರಾಗಿತ್ತು. ಆಮೇಲೆ ಒಂದು ಭಾಷೆಯನ್ನು ಆಡುವವನ ಹೆಸರಾಯಿತು. ಈ ಬದಲಾವಣೆಯ ನಡುವೆ ಸಿಕ್ಕಿಬಿದ್ದ ವರ್ಗವೇ ಅಲ್ಲಿನ ಕುಲೀನ ವರ್ಗ.

ಮೊದಲು ಅಟ್ಲಾಸ್ ತೆರೆಯಿರಿ. ಬಾಲ್ಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿ ಲಿಥುವೇನಿಯ ಕಾಣಿಸುತ್ತದೆ. ವಿಸ್ತೀರ್ಣ ಸುಮಾರು 65,300 ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ಮೂರನೆಯ ಒಂದು ಭಾಗದಷ್ಟು. ಜನಸಂಖ್ಯೆ ಸುಮಾರು 29 ಲಕ್ಷ. ಈಗ ಕಣ್ಣನ್ನು ಕೆಳಗೆ, ಬಲಕ್ಕೆ ಸರಿಸಿ ಬೆಲಾರೂಸ್ ಪೂರ್ತಿಯನ್ನೂ ಉಕ್ರೇನಿನ ದೊಡ್ಡ ಭಾಗವನ್ನೂ ಸೇರಿಸಿಕೊಳ್ಳಿ. ಹದಿನೈದನೆಯ ಶತಮಾನದ ಆರಂಭದಲ್ಲಿ ಲಿಥುವೇನಿಯದ ‘ಮಹಾ ಸಂಸ್ಥಾನ’ ಹರಡಿದ್ದುದು ಇಷ್ಟು ದೂರ, ಕಪ್ಪು ಸಮುದ್ರದ ಅಂಚಿನವರೆಗೆ. ಈ ಎರಡು ನಕ್ಷೆಗಳ ಅಂತರ ಮನಸ್ಸಿನಲ್ಲಿರಲಿ.

ಪದದ ಬಗ್ಗೆಯೂ ಒಂದು ಮಾತು. ನಮ್ಮ ಪಠ್ಯಪುಸ್ತಕಗಳು ಯುರೋಪಿನ ಇಂಥ ವರ್ಗಗಳನ್ನು ‘ಶ್ರೀಮಂತ ವರ್ಗ’ ಎಂದು ಕರೆಯುತ್ತವೆ. ಲಿಥುವೇನಿಯದ ಮಟ್ಟಿಗೆ ಇದು ದಾರಿ ತಪ್ಪಿಸುವ ಹೆಸರು. ಅಲ್ಲಿ ನೂರಾರು ಹಳ್ಳಿಗಳ ಒಡೆಯನೂ ಈ ವರ್ಗದವನೇ, ಸ್ವಂತ ಕೈಯಿಂದ ನೇಗಿಲು ಹಿಡಿದು ಉಳುತ್ತಿದ್ದ ಬಡವನೂ ಈ ವರ್ಗದವನೇ. ಆದುದರಿಂದ ಇಲ್ಲಿ ‘ಕುಲೀನ’ ಎಂಬ ಪದವನ್ನು ಬಳಸುತ್ತೇನೆ. ಲಿಥುವೇನಿಯನ್ ಭಾಷೆಯಲ್ಲಿ ಅವರಿಗೆ ‘ಬಯೋರೈ’ ಎಂದು ಹೆಸರು.

ಸೇವಕನಿಂದ ಪಾಲುದಾರನವರೆಗೆ

ಲಿಥುವೇನಿಯವನ್ನು ಒಂದುಗೂಡಿಸಿ 1253ರಲ್ಲಿ ಕಿರೀಟ ಧರಿಸಿದವನು ಮಿಂದೌಗಸ್. ಆ ಕಾಲದ ಬಯೋರಸ್ ಎಂದರೆ ಕುದುರೆಯೇರಿ ದೊರೆಯ ಪರವಾಗಿ ಯುದ್ಧಕ್ಕೆ ಹೋಗುವ ಯೋಧ. ಅವನ ಭೂಮಿ ಅವನದಲ್ಲ. ನಮ್ಮಲ್ಲಿ ಉಂಬಳಿ ಎನ್ನುತ್ತಾರಲ್ಲ, ಹಾಗೆ ಸೇವೆಗೆ ಪ್ರತಿಯಾಗಿ ದೊರೆತದ್ದು. ಸೇವೆ ನಿಂತರೆ ಭೂಮಿಯೂ ಹೋಗುತ್ತಿತ್ತು. ಮಗಳ ಮದುವೆಗೂ ದೊರೆಯ ಅಪ್ಪಣೆ ಬೇಕಿತ್ತು.

ಬದಲಾವಣೆ ಬಂದದ್ದು ಧರ್ಮದ ಬಾಗಿಲಿನಿಂದ. 1386ರಲ್ಲಿ ದೊರೆ ಯೊಗೈಲ ಕ್ರೈಸ್ತನಾಗಿ ಪೋಲೆಂಡಿನ ರಾಣಿ ಯಾದ್ವಿಗಾಳನ್ನು ಮದುವೆಯಾದ, ಪೋಲೆಂಡಿನ ರಾಜನೂ ಆದ. ಯುರೋಪಿನಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದ ಕೊನೆಯ ದೊಡ್ಡ ರಾಜ್ಯ ಲಿಥುವೇನಿಯ. ಮರುವರ್ಷ, 1387ರಲ್ಲಿ, ಕ್ಯಾಥೊಲಿಕ್ ಆದ ಕುಲೀನರಿಗೆ ಅವನು ಒಂದು ಸನ್ನದು ಕೊಟ್ಟ. ಅದರ ಪ್ರಕಾರ ಭೂಮಿಯನ್ನು ಸ್ವಂತದ್ದಾಗಿ ಇಟ್ಟುಕೊಳ್ಳಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಒಂದು ವರ್ಗ ಹುಟ್ಟಿದ್ದು ಇಲ್ಲಿಂದ ಎನ್ನಬಹುದು.

1413ರಲ್ಲಿ ಹೊರೊದ್ವೊ ಎಂಬ ಊರಿನಲ್ಲಿ ಇನ್ನೂ ವಿಚಿತ್ರವಾದ ಒಂದು ಘಟನೆ ನಡೆಯಿತು. ಪೋಲೆಂಡಿನ 47 ಕುಲೀನ ಮನೆತನಗಳು ಲಿಥುವೇನಿಯದ 47 ಮನೆತನಗಳನ್ನು ದತ್ತು ತೆಗೆದುಕೊಂಡಂತೆ ತಮ್ಮ ತಮ್ಮ ಲಾಂಛನಗಳನ್ನು ಹಂಚಿಕೊಟ್ಟವು. ಗುರಾಣಿಯ ಮೇಲಿನ ಚಿತ್ರವೊಂದು ಕೈಯಿಂದ ಕೈಗೆ ಹೋದುದರಲ್ಲಿ ಏನಿದೆ ಎನಿಸಬಹುದು. ಆದರೆ ಅಂದಿನಿಂದ ವಿಲ್ನಿಯಸ್ಸಿನ ಕುಲೀನನಿಗೆ ಪೋಲೆಂಡಿನ ಕ್ರಾಕೋವ್‌ನಲ್ಲಿ ಅಣ್ಣತಮ್ಮಂದಿರು ಸಿಕ್ಕರು. ತನ್ನ ದೊರೆಯ ಮುಂದೆ ತಲೆಬಾಗಿ ನಿಂತಿದ್ದವನು, ಪೋಲೆಂಡಿನ ಸೋದರ ತನ್ನ ರಾಜನ ಎದುರು ಹೇಗೆ ನಿಲ್ಲುತ್ತಾನೆ ಎಂಬುದನ್ನು ಕಂಡ. ಸಂಸ್ಥಾನದ ಬಹುಪಾಲು ಪ್ರಜೆಗಳು ಸ್ಲಾವ್ ಭಾಷೆಯ ಆರ್ಥೊಡಾಕ್ಸ್ ಕ್ರೈಸ್ತರು. ಅವರ ಕುಲೀನರಿಗೆ ಭೂಮಿಯ ಹಕ್ಕು ಸಿಗಲು 1434ರವರೆಗೆ ಕಾಯಬೇಕಾಯಿತು.

ಸನ್ನದುಗಳ ಸಾಲಿನಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕಾದದ್ದು 1447ರ ಸನ್ನದಿನ ಬಳಿ. ಕುಲೀನನ ಭೂಮಿಯಲ್ಲಿ ದುಡಿಯುವ ರೈತರು ದೊರೆಗೆ ಕೊಡುತ್ತಿದ್ದ ಖಾಯಂ ತೆರಿಗೆ ಅಂದಿಗೆ ರದ್ದಾಯಿತು. ಕೇಳಲು ಹಿತವಾಗಿದೆ, ಅಲ್ಲವೇ? ಆದರೆ ಆ ತೆರಿಗೆ ರೈತನ ಕಣಜದಲ್ಲಿ ಉಳಿಯಲಿಲ್ಲ, ಒಡೆಯನ ಕಣಜಕ್ಕೆ ತಿರುಗಿತು. ಜೊತೆಗೆ ರೈತನ ತಂಟೆ ತಕರಾರುಗಳ ನ್ಯಾಯ ತೀರ್ಮಾನವೂ ಒಡೆಯನ ಕೈಗೆ ಬಂತು. ಒಡೆಯನನ್ನು ಬಿಟ್ಟುಬಂದ ರೈತನಿಗೆ ದೊರೆಯ ಭೂಮಿಯಲ್ಲಿ ಆಶ್ರಯವಿಲ್ಲವೆಂದೂ ಒಪ್ಪಂದವಾಯಿತು. 1557ರಿಂದ ನಡೆದ ಭೂಮಾಪನದಲ್ಲಿ ಹೊಲಗಳನ್ನು ಅಳೆದು, ವಾರಕ್ಕೆ ಇಷ್ಟು ದಿನ ಬಿಟ್ಟಿ ದುಡಿಮೆ ಎಂದು ಗೊತ್ತುಮಾಡಿದರು. 1588ರ ಕಾನೂನು ಬರುವ ವೇಳೆಗೆ, ಒಡೆಯನ ಭೂಮಿಯಲ್ಲಿ ಹತ್ತು ವರ್ಷ ನೆಲೆಸಿದ ಸ್ವತಂತ್ರ ಮನುಷ್ಯನೂ ಆ ಭೂಮಿಗೆ ಕಟ್ಟುಬಿದ್ದವನಾದ. ಕುಲೀನರ ಸ್ವಾತಂತ್ರ್ಯ ಬೆಳೆದಂತೆಲ್ಲ ರೈತರ ಜೀತ ಗಟ್ಟಿಯಾಯಿತು. ಇವು ಎರಡು ಬೇರೆ ಬೇರೆ ಕಥೆಗಳಲ್ಲ.

ನಾವು ರೋಮನ್ನರು!

ವರ್ಗ ಬೆಳೆದ ಮೇಲೆ ವಂಶಾವಳಿ ಬೇಕಲ್ಲವೇ? ಹದಿನಾರನೆಯ ಶತಮಾನದ ಲಿಥುವೇನಿಯನ್ ಇತಿಹಾಸ ಗ್ರಂಥಗಳಲ್ಲಿ ಒಂದು ಸೊಗಸಾದ ಐತಿಹ್ಯ ಬರುತ್ತದೆ. ಪಲೆಮೋನಸ್ ಎಂಬ ರೋಮನ್ ಕುಲೀನ 500 ಮನೆತನಗಳೊಡನೆ ಹಡಗುಗಳಲ್ಲಿ ಹೊರಟು, ಯುರೋಪನ್ನು ಸುತ್ತಿಕೊಂಡು ಬಾಲ್ಟಿಕ್ ತೀರ ಸೇರಿದನಂತೆ. ಅವನ ಸಂತತಿಯೇ ಲಿಥುವೇನಿಯದ ಕುಲೀನರಂತೆ. ಮಿಖಲೋ ಲಿತುವಾನಸ್ ಎಂಬ ಹೆಸರಿನಲ್ಲಿ ಬರೆದ ಲೇಖಕನೊಬ್ಬ ಇದಕ್ಕೆ ಸಾಕ್ಷ್ಯವನ್ನೂ ಒದಗಿಸಿದ. ಲ್ಯಾಟಿನ್ನಿನಲ್ಲಿ ಬೆಂಕಿಗೆ ‘ಇಗ್ನಿಸ್’, ನಮ್ಮಲ್ಲಿ ‘ಉಗ್ನಿಸ್’; ಇಂತಹ ಸಾಮ್ಯ ಆಕಸ್ಮಿಕವೇ ಎಂಬುದು ಅವನ ವಾದ.

ಕನ್ನಡ ಓದುಗರಾದ ನಿಮಗೆ ಈ ‘ಉಗ್ನಿಸ್’ ಕೇಳಿದೊಡನೆ ಬೇರೊಂದು ಪದ ಹೊಳೆದಿರಬೇಕು. ಹೌದು, ಅಗ್ನಿ. ಲಿಥುವೇನಿಯನ್ನಿನಲ್ಲಿ ಹೊಗೆಗೆ ‘ದೂಮಸ್’, ನಮಗೆ ಸಂಸ್ಕೃತದಿಂದ ಬಂದ ಪದ ಧೂಮ. ದೇವರಿಗೆ ‘ದಿಯೇವಸ್’, ಮಗನಿಗೆ ‘ಸೂನುಸ್’. ಕುಲೀನರ ಪಂಡಿತ ಸಾಮ್ಯವನ್ನು ಸರಿಯಾಗಿಯೇ ಗುರುತಿಸಿದ್ದ, ತೀರ್ಮಾನ ಮಾತ್ರ ತಪ್ಪಾಗಿತ್ತು. ಲಿಥುವೇನಿಯನ್ ಲ್ಯಾಟಿನ್ನಿನ ಮಗಳಲ್ಲ; ಲ್ಯಾಟಿನ್, ಸಂಸ್ಕೃತಗಳಂತೆ ಒಂದೇ ಮೂಲದ ಇನ್ನೊಂದು ಕವಲು. 1833ರಿಂದ ಪ್ರಕಟವಾಗತೊಡಗಿದ ಫ್ರಾಂಟ್ಸ್ ಬೊಪ್‌ನ ಪ್ರಸಿದ್ಧ ತೌಲನಿಕ ವ್ಯಾಕರಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಜೊತೆ ಲಿಥುವೇನಿಯನ್ನಿಗೂ ಸ್ಥಾನ ಸಿಕ್ಕಿತು. 1852ರಲ್ಲಿ ಭಾಷಾವಿಜ್ಞಾನಿ ಔಗುಸ್ಟ್ ಶ್ಲೈಖರ್ ಆ ಭಾಷೆಯನ್ನು ಕೇಳಿ ಬರೆದುಕೊಳ್ಳಲು ಪ್ರಷ್ಯದ ಲಿಥುವೇನಿಯನ್ ಹಳ್ಳಿಗಳಿಗೆ ಹೋದ. ಅವನು ಹೋದದ್ದು ರೈತರ ಮನೆಗಳಿಗೆ ಎಂಬುದನ್ನು ಗಮನಿಸಿ. ಆ ಹೊತ್ತಿಗೆ ಕುಲೀನರ ಮನೆಗಳಲ್ಲಿ ಆ ಭಾಷೆ ಬಹುಮಟ್ಟಿಗೆ ಇಲ್ಲವಾಗಿತ್ತು. ಅದು ಹೇಗಾಯಿತು?

ಭಾಷೆ ಬಿಟ್ಟದ್ದು ಹೇಗೆ

ವಿಜ್ಞಾನದ ಪದವೀಧರನಾದ ನನಗೆ ಈ ಭಾಗ ಪ್ರಯೋಗಶಾಲೆಯ ನಿಧಾನ ಕ್ರಿಯೆಯಂತೆ ಕಾಣುತ್ತದೆ. ಬೆಂಕಿಯಿಲ್ಲ, ಸ್ಫೋಟವಿಲ್ಲ, ಕೊನೆಗೆ ನೋಡಿದರೆ ಪಾತ್ರೆಯಲ್ಲಿರುವುದು ಬೇರೆಯೇ ವಸ್ತು.

ಮಹಾ ಸಂಸ್ಥಾನದ ಕಚೇರಿ ಭಾಷೆ ಎಂದೂ ಲಿಥುವೇನಿಯನ್ ಆಗಿರಲಿಲ್ಲ. ಅದಕ್ಕೆ ಬರವಣಿಗೆಯೇ ಇರಲಿಲ್ಲ. ಆ ಭಾಷೆಯ ಮೊದಲ ಮುದ್ರಿತ ಪುಸ್ತಕ, ಮಾರ್ತಿನಸ್ ಮಾಜ್ವಿದಸ್‌ನ ಧರ್ಮಬೋಧೆ, ಹೊರಬಂದದ್ದು 1547ರಲ್ಲಿ, ಅದೂ ಪ್ರಷ್ಯದ ಕ್ಯೋನಿಗ್ಸ್‌ಬರ್ಗ್‌ನಲ್ಲಿ. ಕಚೇರಿಯಲ್ಲಿ ಬಳಕೆಯಲ್ಲಿದ್ದದ್ದು ರುಥೇನಿಯನ್ ಎಂಬ ಸ್ಲಾವ್ ಭಾಷೆ, ಇಂದಿನ ಬೆಲಾರೂಸಿಯನ್ ಮತ್ತು ಉಕ್ರೇನಿಯನ್ನಿನ ಪೂರ್ವರೂಪ. 1529, 1566 ಮತ್ತು 1588ರ ಮೂರು ಪ್ರಸಿದ್ಧ ಕಾನೂನು ಸಂಹಿತೆಗಳೂ ಅದರಲ್ಲೇ ರಚಿತವಾದವು. ಮೂರನೆಯದನ್ನು ಸಿದ್ಧಪಡಿಸಿದ ಲ್ಯೇವ್ ಸಾಪೇಗ, ಸ್ವಂತ ಭಾಷೆಯಲ್ಲಿ ಕಾನೂನು ಬರೆದುಕೊಂಡ ಜನ ನಾವು ಎಂದು ಮುನ್ನುಡಿಯಲ್ಲಿ ಹೆಮ್ಮೆಪಟ್ಟ. ಅವನ ‘ಸ್ವಂತ ಭಾಷೆ’ ರುಥೇನಿಯನ್. ಆದರೂ ತಾನು ಲಿಥುವೇನಿಯನ್ ಎಂಬುದರಲ್ಲಿ ಅವನಿಗಾಗಲಿ ಇತರರಿಗಾಗಲಿ ಸಂಶಯವಿರಲಿಲ್ಲ.

1569ರಲ್ಲಿ ಲುಬ್ಲಿನ್ ನಗರದಲ್ಲಿ ಪೋಲೆಂಡ್ ಮತ್ತು ಲಿಥುವೇನಿಯ ಒಂದೇ ಗಣರಾಜ್ಯವಾದವು. ರಷ್ಯದ ಇವಾನನ ಸೇನೆ 1563ರಲ್ಲೇ ಪೊಲೊತ್ಸ್ಕ್ ನಗರವನ್ನು ಕಿತ್ತುಕೊಂಡಿತ್ತು; ಒಂಟಿಯಾಗಿ ನಿಲ್ಲುವ ಶಕ್ತಿ ಲಿಥುವೇನಿಯಕ್ಕೆ ಇರಲಿಲ್ಲ. ದೊಡ್ಡ ಒಡೆಯರು ಗೊಣಗುತ್ತ ಒಪ್ಪಿದರು. ಸಣ್ಣ ಕುಲೀನರಿಗೆ ಇದು ಒಳ್ಳೆಯ ಸುದ್ದಿಯಾಗಿತ್ತು. ಪೋಲೆಂಡಿನಲ್ಲಿ ಕುಲೀನರೆಲ್ಲ ಕಾನೂನಿನ ಮುಂದೆ ಸಮಾನರು, ಜಿಲ್ಲಾ ಸಭೆಯಲ್ಲಿ ಎಲ್ಲರಿಗೂ ಮತ, ರಾಜನನ್ನು ಆರಿಸುವ ಹಕ್ಕೂ ಅವರದೇ. ಅಂಥ ಹಕ್ಕುಗಳ ಭಾಷೆ ಪೋಲಿಷ್ ಆಗಿತ್ತು. ಸಂಸತ್ತಿನಲ್ಲಿ ಪೋಲಿಷ್, ಬೀಗರ ಮನೆಯಲ್ಲಿ ಪೋಲಿಷ್, ಶಾಲೆಯಲ್ಲಿ ಲ್ಯಾಟಿನ್ ಮತ್ತು ಪೋಲಿಷ್. ಯಾರೂ ಬಲವಂತ ಮಾಡಲಿಲ್ಲ. ಒಂದೆರಡು ತಲೆಮಾರುಗಳಲ್ಲಿ ದೊಡ್ಡ ಮನೆತನಗಳು, ಆಮೇಲೆ ನಿಧಾನವಾಗಿ ಸಣ್ಣವರು, ಮಾತು ಬದಲಿಸಿದರು.

ಇದನ್ನು ಕಂಡು ಕಳವಳಗೊಂಡವರೂ ಇದ್ದರು. ಪಾದ್ರಿ ಮಿಕಲೋಯುಸ್ ದೌಕ್ಷ 1599ರಲ್ಲಿ ಲಿಥುವೇನಿಯನ್ ಭಾಷೆಯಲ್ಲಿ ಒಂದು ಪ್ರವಚನ ಸಂಗ್ರಹ ಪ್ರಕಟಿಸಿದ. ಒಂದು ಜನಾಂಗ ಉಳಿಯುವುದು ಅದರ ಹೊಲಗಳ ಫಲವತ್ತತೆಯಿಂದಲ್ಲ, ಕೋಟೆಗಳಿಂದಲ್ಲ, ಮಾತೃಭಾಷೆಯಿಂದ ಎಂದು ಅದರ ಮುನ್ನುಡಿಯಲ್ಲಿ ವಾದಿಸಿದ. ಆ ಮುನ್ನುಡಿಯನ್ನು ಬರೆದದ್ದು ಪೋಲಿಷ್ ಭಾಷೆಯಲ್ಲಿ! ಓದಬೇಕಾದವರು ಕುಲೀನರಾಗಿದ್ದರು, ಮತ್ತು ಅವರು ಓದುತ್ತಿದ್ದದ್ದು ಪೋಲಿಷ್. 1697ರಲ್ಲಿ ಸಂಸ್ಥಾನದ ಕಚೇರಿಗಳಲ್ಲೂ ರುಥೇನಿಯನ್ನಿನ ಸ್ಥಾನಕ್ಕೆ ಪೋಲಿಷ್ ಬಂದಿತು.

ಭಾಷೆ ಬಿಟ್ಟರೆಂದು ಅವರು ಲಿಥುವೇನಿಯವನ್ನೂ ಬಿಟ್ಟರೆಂದು ತಿಳಿಯಬೇಡಿ. ಸಾಪೇಗನ 1588ರ ಸಂಹಿತೆಯೇ ಇದಕ್ಕೆ ಸಾಕ್ಷಿ. ಒಕ್ಕೂಟವಾಗಿ ಹತ್ತೊಂಬತ್ತು ವರ್ಷಗಳ ನಂತರವೂ, ಪೋಲೆಂಡಿನವರು ಸಂಸ್ಥಾನದಲ್ಲಿ ಅಧಿಕಾರ ಸ್ಥಾನ ಪಡೆಯುವಂತಿಲ್ಲ, ಭೂಮಿ ಕೊಳ್ಳುವಂತಿಲ್ಲ ಎಂದು ಅದು ಸಾರಿತು. ಪೋಲಿಷ್ ಮಾತನಾಡುವ, ಲಿಥುವೇನಿಯದ ಹಕ್ಕುಗಳಿಗಾಗಿ ಪೋಲೆಂಡಿನವರೊಡನೆ ಜಗಳವಾಡುವ ಮನುಷ್ಯ ಅಂದಿಗೆ ಸಹಜ. ‘ರಾಷ್ಟ್ರ’ ಎಂದರೆ ಕುಲೀನರ ಸಮೂಹ; ರೈತ ಯಾವ ಭಾಷೆ ಆಡಿದರೂ ಅವನು ರಾಷ್ಟ್ರದ ಹೊರಗೆ.

ನೇಗಿಲು ಹಿಡಿದ ಕುಲೀನ

ಫ್ರಾನ್ಸಿನಲ್ಲಿ ಕುಲೀನರ ಪ್ರಮಾಣ ನೂರಕ್ಕೆ ಸುಮಾರು ಒಂದು. ಪೋಲೆಂಡ್–ಲಿಥುವೇನಿಯ ಗಣರಾಜ್ಯದಲ್ಲಿ ನೂರಕ್ಕೆ 6ರಿಂದ 10ರವರೆಗೆ ಎಂದು ಇತಿಹಾಸಕಾರರ ಅಂದಾಜು. ಇಷ್ಟೊಂದು ಮಂದಿಗೆ ಅರಮನೆಗಳು ಎಲ್ಲಿಂದ ಬರಬೇಕು?

ಮೇಲೆ ರಾದ್ವಿಲರಂಥವರು. 1547ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದಿಂದ ರಾಜಕುಮಾರ ಪದವಿ ಗಳಿಸಿದ ಈ ಮನೆತನಕ್ಕೆ ಸ್ವಂತ ಪಟ್ಟಣಗಳು, ಸ್ವಂತ ಸೈನ್ಯ ಇದ್ದವು. ರಾದ್ವಿಲರ ಮಗಳು ಬಾರ್ಬೊರಾ ರಾಜ ಸಿಗಿಸ್ಮಂಡ್ ಔಗುಸ್ಟಸನ ರಾಣಿಯಾದಳು. ಕೆಳಗೆ, ಇಡೀ ಹಳ್ಳಿಯೇ ಕುಲೀನರದಾಗಿರುವ ಹಳ್ಳಿಗಳು, ವಿಶೇಷವಾಗಿ ಪಶ್ಚಿಮದ ಜೆಮೈತಿಯ ಪ್ರಾಂತದಲ್ಲಿ. ಅಲ್ಲಿಯ ಕುಲೀನನಿಗೆ ಜೀತದಾಳು ಒಬ್ಬನೂ ಇಲ್ಲ. ಹುಲ್ಲಿನ ಸೂರು, ಒಂದು ಜೊತೆ ಎತ್ತು, ನಾಲ್ಕು ಪಟ್ಟಿ ಹೊಲ. ಪಕ್ಕದ ರೈತನಿಗೂ ಅವನಿಗೂ ಊಟದಲ್ಲಿ, ಬಟ್ಟೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದರೆ ಅವನನ್ನು ಯಾರೂ ಬಿಟ್ಟಿ ದುಡಿಮೆಗೆ ಕರೆಯುವಂತಿಲ್ಲ. ಗೋಡೆಯ ಮೇಲೆ ಒಂದು ಕತ್ತಿ ತೂಗುತ್ತಿರುತ್ತದೆ. ಜಿಲ್ಲಾ ಸಭೆಯಲ್ಲಿ ಅವನ ಕೈ ರಾದ್ವಿಲನ ಕೈಯಷ್ಟೇ ಎತ್ತರಕ್ಕೆ ಏಳುತ್ತದೆ. ಕಾಗದದ ಮೇಲೆ ಹೀಗೆ. ವಾಸ್ತವದಲ್ಲಿ ಅವನನ್ನು ಗಾಡಿಯಲ್ಲಿ ಸಭೆಗೆ ಕರೆತಂದು, ಊಟ ಹಾಕಿಸಿ, ಕುಡಿಸಿ, ಕೈ ಎತ್ತಿಸುತ್ತಿದ್ದವನು ದೊಡ್ಡ ಒಡೆಯನೇ. ಚುನಾವಣಾ ಸಮಯದ ಇಂಥ ದೃಶ್ಯಗಳು ನಿಮಗೆ ಹೊಸದಾಗಿ ಕಾಣಲಾರವು.

ಸಂಸತ್ತಿನಲ್ಲಿ ಒಬ್ಬನೇ ಸದಸ್ಯ ‘ಒಪ್ಪುವುದಿಲ್ಲ’ ಎಂದರೆ ಇಡೀ ಅಧಿವೇಶನ ಮುರಿಯಬಹುದಾಗಿತ್ತು. 1652ರಲ್ಲಿ ಇದನ್ನು ಮೊದಲು ಮಾಡಿ ತೋರಿಸಿದವನು ಲಿಥುವೇನಿಯದ ಉಪಿತೆ ಜಿಲ್ಲೆಯ ಪ್ರತಿನಿಧಿ ಸಿಚಿನ್ಸ್ಕಿ. ಇಂಥ ಸ್ವಾತಂತ್ರ್ಯದಿಂದ ರಾಜ್ಯ ಸೊರಗಿತು. 1791ರ ಮೇ 3ರ ಸಂವಿಧಾನ ದುರಸ್ತಿಗೆ ಕೈಹಾಕಿತು. ಭೂಮಿಯಿಲ್ಲದ ಕುಲೀನರ ಮತದ ಹಕ್ಕನ್ನು ಆ ವರ್ಷದ ಸುಧಾರಣೆಯೇ ತೆಗೆದುಹಾಕಿತು. ಆದರೆ ತಡವಾಗಿತ್ತು. ರಷ್ಯ, ಪ್ರಷ್ಯ, ಆಸ್ಟ್ರಿಯಗಳು 1772, 1793, 1795ರಲ್ಲಿ ಮೂರು ಸಲ ಹಂಚಿಕೊಂಡು ಗಣರಾಜ್ಯವನ್ನು ನಕ್ಷೆಯಿಂದಲೇ ಅಳಿಸಿಹಾಕಿದವು. ಲಿಥುವೇನಿಯದ ಬಹುಭಾಗ ರಷ್ಯದ ಚಕ್ರವರ್ತಿಯ ಪಾಲಾಯಿತು.

ಕಾಗದ ತೋರಿಸಿ!

ಹೊಸ ಸರ್ಕಾರಕ್ಕೆ ನೇಗಿಲು ಹಿಡಿದ ಕುಲೀನ ಅರ್ಥವಾಗಲೇ ಇಲ್ಲ. ರಷ್ಯದ ಕುಲೀನ ಎಂದರೆ ಸರ್ಕಾರಿ ಸೇವೆಯಲ್ಲಿರುವ ಜಮೀನುದಾರ. ಇಲ್ಲಿ ನೋಡಿದರೆ ಬರಿಗಾಲಿನಲ್ಲಿ ಉಳುತ್ತಿರುವವನೂ ತಾನು ಕುಲೀನನೆನ್ನುತ್ತಾನೆ, ತಲೆಗಂದಾಯ ಕೊಡುವುದಿಲ್ಲ, ಸೈನ್ಯಕ್ಕೆ ಮಗನನ್ನು ಕಳಿಸುವುದಿಲ್ಲ. ಸರಿ, ದಾಖಲೆ ತೋರಿಸಿ ಎಂದಿತು ಸರ್ಕಾರ. ವಂಶಾವಳಿ, ಸನ್ನದು, ಕ್ರಯಪತ್ರ, ಚರ್ಚಿನ ನೋಂದಣಿ, ಎಲ್ಲವೂ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ನ ಕಚೇರಿಯಲ್ಲಿ ಮಂಜೂರಾಗಬೇಕು. ಬೆಂಕಿಯಲ್ಲಿ ಸುಟ್ಟುಹೋದ, ಯುದ್ಧದಲ್ಲಿ ಕಳೆದುಹೋದ ಕಾಗದಗಳನ್ನು ಬಡವನು ಎಲ್ಲಿಂದ ತರಬೇಕು? ಅನೇಕರು ನಕಲಿ ದಾಖಲೆಗಳ ಮೊರೆಹೊಕ್ಕರು. 1831ರ ದಂಗೆಯ ನಂತರ, ಅದೇ ವರ್ಷದ ಅಕ್ಟೋಬರ್ 19ರ ಆಜ್ಞೆ, ಕಾಗದವಿಲ್ಲದವರನ್ನೆಲ್ಲ ಕುಲೀನ ಪಟ್ಟಿಯಿಂದ ಇಳಿಸಿ ತೆರಿಗೆಗೂ ಸೈನ್ಯದ ಕಡ್ಡಾಯ ಭರ್ತಿಗೂ ಗುರಿಮಾಡಿತು. ವಿಲ್ನಿಯಸ್ ವಿಶ್ವವಿದ್ಯಾನಿಲಯವನ್ನು 1832ರಲ್ಲಿ ಮುಚ್ಚಿದರು. ಅದುವರೆಗೂ ಜಾರಿಯಲ್ಲಿದ್ದ 1588ರ ಸಂಹಿತೆ 1840ರಲ್ಲಿ ರದ್ದಾಯಿತು.

ರಾಜ್ಯವಿಲ್ಲದ ಕುಲೀನ ತನ್ನನ್ನು ಏನೆಂದುಕೊಳ್ಳಬೇಕು? ಒಬ್ಬೊಬ್ಬರದು ಒಂದೊಂದು ಉತ್ತರ. ಕವಿ ಆದಮ್ ಮಿಕ್ಯೇವಿಚ್ 1834ರಲ್ಲಿ ಪ್ಯಾರಿಸ್ಸಿನಲ್ಲಿ ‘ಪಾನ್ ತದೇವುಷ್’ ಎಂಬ ದೀರ್ಘಕಾವ್ಯ ಪ್ರಕಟಿಸಿದ. ಅದು ತೊಡಗುವುದು ಲಿಥುವೇನಿಯವನ್ನು ತಾಯ್ನಾಡೆಂದು ಕರೆಯುತ್ತ, ಭಾಷೆ ಪೋಲಿಷ್, ಅದರ ಕಥೆ ನಡೆಯುವ ಸೀಮೆ ಇಂದು ಬೆಲಾರೂಸಿನಲ್ಲಿದೆ. ಜೆಮೈತಿಯದ ಕುಲೀನ ದಿಯೋನಿಜಸ್ ಪೋಷ್ಕನ ದಾರಿ ಬೇರೆ. 1812ರಲ್ಲಿ ಆತ ಒಂದು ಬೃಹತ್ ಓಕ್ ಮರದ ಕಾಂಡವನ್ನು ಕೊರೆಸಿ, ಅದರ ಪೊಳ್ಳಿನೊಳಗೆ ಹಳೆಯ ಆಯುಧ, ನಾಣ್ಯ, ಪುಸ್ತಕಗಳನ್ನು ಇಟ್ಟ. ಲಿಥುವೇನಿಯದ ಮೊದಲ ವಸ್ತುಸಂಗ್ರಹಾಲಯ ಇದೇ. ಬಿಯೋತೈ ಎಂಬ ಊರಿನಲ್ಲಿ ಇಂದಿಗೂ ನೋಡಬಹುದು. ಅವನು ಲಿಥುವೇನಿಯನ್ ಭಾಷೆಯಲ್ಲಿ ಬರೆದ, ಅದೂ ರೈತನ ಕಷ್ಟಗಳ ಬಗ್ಗೆ.

1863ರಲ್ಲಿ ಮತ್ತೆ ದಂಗೆ. ಈ ಸಲ ದಂಗೆಯ ಸರ್ಕಾರ ಉಳುವ ಭೂಮಿ ರೈತನದೇ ಎಂದು ಸಾರಿತು. ಲಿಥುವೇನಿಯದಲ್ಲಿ ಮುಂದಾಳುಗಳಾಗಿ ನಿಂತ ಮೂವರೂ ಕುಲೀನ ಮೂಲದವರು: ಸೈನ್ಯಾಧಿಕಾರಿ ಜಿಗ್ಮುಂತ್ ಸೆರಕೋವ್ಸ್ಕಿ, ಪಾದ್ರಿ ಅಂತಾನಸ್ ಮಾತ್ಸ್ಕೆವಿಚ್ಯುಸ್, ಬಡ ಕುಲೀನನ ಮಗ ಕೊನ್ಸ್ತಾಂತಿ ಕಲಿನೋವ್ಸ್ಕಿ. ಕಲಿನೋವ್ಸ್ಕಿ ರೈತರಿಗಾಗಿ ಬೆಲಾರೂಸಿಯನ್ ಭಾಷೆಯಲ್ಲಿ ಒಂದು ಪುಟ್ಟ ಪತ್ರಿಕೆ ಹೊರಡಿಸಿದ್ದ. ಗವರ್ನರ್ ಜನರಲ್ ಮುರವ್ಯೋವ್ ಮೂವರನ್ನೂ ಗಲ್ಲಿಗೇರಿಸಿದ. 1864ರ ಮಾರ್ಚ್ 22ರಂದು ವಿಲ್ನಿಯಸ್ಸಿನ ಲುಕಿಷ್ಕೆಸ್ ಚೌಕದಲ್ಲಿ ತೀರ್ಪು ಓದುವಾಗ ‘ಕುಲೀನ ಕಲಿನೋವ್ಸ್ಕಿ’ ಎಂಬ ಮಾತು ಬಂದಿತು. ನಮ್ಮಲ್ಲಿ ಕುಲೀನರಿಲ್ಲ, ಎಲ್ಲರೂ ಸಮಾನರು ಎಂದು ಆತ ಕೂಗಿ ಹೇಳಿದನಂತೆ. ವಯಸ್ಸು 26.

ಉಷಸ್ಸು

ದಂಗೆ ಅಡಗಿದ ಮೇಲೆ ಎಸ್ಟೇಟುಗಳು ಮುಟ್ಟುಗೋಲಾದವು, ಸಾವಿರಾರು ಮಂದಿ 	ಸೈಬೀರಿಯಕ್ಕೆ ಗಡೀಪಾರಾದರು. ಪೋಲಿಷ್ ಮೂಲದವರೆನಿಸಿದವರು ಈ ಪ್ರಾಂತಗಳಲ್ಲಿ ಹೊಸದಾಗಿ ಭೂಮಿ ಕೊಳ್ಳದಂತೆ 1865ರಲ್ಲಿ ಕಾನೂನು ಬಂದಿತು. ಲ್ಯಾಟಿನ್ ಅಕ್ಷರಗಳಲ್ಲಿ ಲಿಥುವೇನಿಯನ್ ಪುಸ್ತಕ ಮುದ್ರಿಸುವುದನ್ನೂ ನಿಷೇಧಿಸಿದರು. 1904ರವರೆಗೆ, ಸುಮಾರು ನಲವತ್ತು ವರ್ಷ. ಪ್ರಷ್ಯದಲ್ಲಿ ಮುದ್ರಿಸಿದ ಪುಸ್ತಕಗಳನ್ನು ರಾತ್ರಿಯಲ್ಲಿ ಗಡಿ ದಾಟಿಸಿ ಹಳ್ಳಿಗಳಿಗೆ ಹೊತ್ತು ತಂದವರು ಬಹುಪಾಲು ರೈತರು.

ಅಷ್ಟರಲ್ಲಿ 1861ರಲ್ಲಿ ಜೀತ ರದ್ದಾಗಿತ್ತು. ನೈಋತ್ಯದ ಸುವಾಲ್ಕಿಯ ಪ್ರದೇಶದಲ್ಲಂತೂ ನೆಪೋಲಿಯನ್ನನ ಕಾಲದಲ್ಲಿ, 1807ರಲ್ಲೇ, ರೈತರಿಗೆ ವೈಯಕ್ತಿಕ ಸ್ವಾತಂತ್ರ್ಯ ಸಿಕ್ಕಿತ್ತು. ಅಲ್ಲಿನ ರೈತರ ಮಕ್ಕಳು ಓದಿ ವೈದ್ಯರಾದರು, ವಕೀಲರಾದರು. ಅಂಥವರಲ್ಲೊಬ್ಬರಾದ ವೈದ್ಯ ಯೋನಸ್ ಬಸನಾವಿಚ್ಯುಸ್ 1883ರಲ್ಲಿ ಆರಂಭಿಸಿದ ಪತ್ರಿಕೆಯ ಹೆಸರು ‘ಔಷ್ರ’. ಅರ್ಥ ಅರುಣೋದಯ, ಸಂಸ್ಕೃತದ ಉಷಸ್ಸಿಗೆ ಇದು ಬಳ್ಳಿಬಂಧು. ಈ ಹೊಸಬರ ವಾದ ಸರಳ: ಲಿಥುವೇನಿಯನ್ ಭಾಷೆ ಆಡುವವನೇ ಲಿಥುವೇನಿಯನ್. ಅದನ್ನು ಉಳಿಸಿದವನು ರೈತ. ಬಿಟ್ಟುಕೊಟ್ಟವನು ಕುಲೀನ.

ನನ್ನ ದೃಷ್ಟಿಯಲ್ಲಿ ಈ ಆರೋಪದಲ್ಲಿ ನ್ಯಾಯವಿದೆ, ಆದರೆ ಪೂರ್ಣ ನ್ಯಾಯವಿಲ್ಲ. ನಾನೂರು ವರ್ಷ ‘ಲಿಥುವೇನಿಯ’ ಎಂಬ ಹೆಸರನ್ನು, ಅದರ ಕಾನೂನನ್ನು, ಕುದುರೆ ಸವಾರನ ಲಾಂಛನವನ್ನು ಹೊತ್ತವರು ಅದೇ ಕುಲೀನರು. ಇಂದಿನ ಗಣರಾಜ್ಯದ ಲಾಂಛನವೂ ಆ ಸವಾರನೇ. ಆದರೆ ಹೊಸ ವ್ಯಾಖ್ಯೆಯ ಪ್ರಕಾರ ಅವರು ತಮ್ಮ ನೆಲದಲ್ಲೇ ಪರಕೀಯರಾದರು. ಪೋಲಿಷ್ ಮಾತನಾಡುವ ಲಿಥುವೇನಿಯನ್ ಎಂಬ ಹಳೆಯ ಮನುಷ್ಯನಿಗೆ ಜಾಗ ಇಲ್ಲವಾಯಿತು. ಒಂದು ಬದಿ ಆರಿಸಿಕೊಳ್ಳಲೇಬೇಕಾಯಿತು. ಹೆಚ್ಚಿನವರು ಪೋಲೆಂಡನ್ನು ಆರಿಸಿದರು. ಕೆಲವು ಮನೆಗಳು ಒಳಗೇ ಒಡೆದವು.

ನಾರುತೊವಿಚ್ ಸೋದರರನ್ನು ಆಗಲೇ ಕಂಡಿರಿ. ಇವಾನೊವ್ಸ್ಕಿ ಸೋದರರದು ಇನ್ನೂ ಸೋಜಿಗ. ಅವರ ಮನೆ ಇಂದು ಬೆಲಾರೂಸಿನಲ್ಲಿರುವ ಲೆಬ್ಯೋದ್ಕ ಎಂಬಲ್ಲಿ. ಯೆಜಿ ಪೋಲೆಂಡಿನಲ್ಲಿ ಸಚಿವನಾದ. ರಸಾಯನವಿಜ್ಞಾನಿ ವಾತ್ಸ್ಲಾವ್ ತಾನು ಬೆಲಾರೂಸಿನವನೆಂದ. ಆ ಭಾಷೆಯ ಪ್ರಕಟಣೆಗಳಿಗೆ ದುಡಿದ, ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಆಕ್ರಮಣದ ಕೆಳಗೆ ಮಿನ್ಸ್ಕ್ ನಗರದ ಮೇಯರ್ ಆಗಿ, 1943ರಲ್ಲಿ ಕೊಲೆಯಾದ. ಪ್ರಾಣಿಶಾಸ್ತ್ರಜ್ಞ ತಾದಸ್ ಇವಾನೌಸ್ಕಸ್ ದೊಡ್ಡವನಾದ ಮೇಲೆ ಲಿಥುವೇನಿಯನ್ ಕಲಿತು ಲಿಥುವೇನಿಯನ್ ಆದ. ಕೌನಾಸ್ ನಗರದ ಪ್ರಾಣಿಶಾಸ್ತ್ರ ಸಂಗ್ರಹಾಲಯ (1919), ವೆಂತೆ ಭೂಶಿರದಲ್ಲಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೇಂದ್ರ (1929), ಕೌನಾಸ್ ಮೃಗಾಲಯ (1938), ಮೂರೂ ಅವನ ಸ್ಥಾಪನೆ. ವಿಜ್ಞಾನ ಓದುವ ಗೆಳೆಯರು ಈ ಹೆಸರನ್ನು ಗುರುತು ಹಾಕಿಕೊಳ್ಳಿ. ಆ ಹಕ್ಕಿ ಕೇಂದ್ರ ಇಂದೂ ಕೆಲಸ ಮಾಡುತ್ತಿದೆ.

ನ್ಯಾಯಶಾಸ್ತ್ರಜ್ಞ ಮಿಕೋಲಸ್ ರ‍್ಯೋಮೆರಿಸ್ ಎರಡು ದೋಣಿಗಳಲ್ಲೂ ಕಾಲಿಟ್ಟೇ ಬದುಕಿದವರು. ಮನೆಯಲ್ಲಿ ಪೋಲಿಷ್, ದಿನಚರಿ ಪೋಲಿಷ್‌ನಲ್ಲಿ. ಆದರೆ ಕೌನಾಸ್ ವಿಶ್ವವಿದ್ಯಾನಿಲಯದಲ್ಲಿ ಲಿಥುವೇನಿಯನ್ನಿನಲ್ಲಿ ಪಾಠ ಹೇಳಿ ಅದರ ಕುಲಪತಿಯಾದರು. ಇಂದು ವಿಲ್ನಿಯಸ್ಸಿನಲ್ಲಿ ಅವರ ಹೆಸರಿನದೇ ಒಂದು ವಿಶ್ವವಿದ್ಯಾನಿಲಯವಿದೆ. ಮಿಲೋಷ್ ಮನೆತನದ ಇಬ್ಬರನ್ನೂ ಸೇರಿಸಬಹುದು. ಫ್ರೆಂಚ್ ಕವಿ ಓಸ್ಕರ್ ಲಿಥುವೇನಿಯದ ರಾಜತಾಂತ್ರಿಕನಾದ. ಲಿಥುವೇನಿಯದ ಶೆತೆನೈ ಎಂಬಲ್ಲಿ ಹುಟ್ಟಿದ ಅವನ ಬಂಧು ಚೆಸ್ವಾಫ್ ಪೋಲಿಷ್ ಕವಿಯಾಗಿ 1980ರಲ್ಲಿ ನೊಬೆಲ್ ಪಡೆದ.

ಹೊಸ ಗಣರಾಜ್ಯ ಕುಲೀನರ ಆರ್ಥಿಕ ಬೇರನ್ನು ಕತ್ತರಿಸಿದ್ದು 1922ರ ಭೂಸುಧಾರಣೆಯಿಂದ. ಒಬ್ಬ ಒಡೆಯ 80 ಹೆಕ್ಟೇರ್, ಅಂದರೆ ಸುಮಾರು ಇನ್ನೂರು ಎಕರೆ, ಮಾತ್ರ ಇಟ್ಟುಕೊಳ್ಳಬಹುದಿತ್ತು. 1929ರಲ್ಲಿ ಮಿತಿಯನ್ನು 150 ಹೆಕ್ಟೇರಿಗೆ ಏರಿಸಿದರು. ಉಳಿದದ್ದನ್ನು 1940ರ ಸೋವಿಯೆತ್ ಆಕ್ರಮಣ ಮುಗಿಸಿತು. 1941ರ ಜೂನ್ 14ರಂದು ಆರಂಭವಾದ ಗಡೀಪಾರಿನ ರೈಲುಗಳಲ್ಲಿ ಹಳೆಯ ಜಮೀನುದಾರರೂ ಇದ್ದರು, ಅವರ ಹಳ್ಳಿಯ ಶಾಲಾ ಮಾಸ್ತರರೂ ಇದ್ದರು.

1990ರ ಮಾರ್ಚ್ 11ರಂದು ಲಿಥುವೇನಿಯ ಮತ್ತೆ ಸ್ವತಂತ್ರವಾದ ಮೇಲೆ ಕುಲೀನರ ವಂಶಸ್ಥರು ಸಂಘ ಕಟ್ಟಿಕೊಂಡು ವಂಶಾವಳಿಗಳನ್ನು ಹುಡುಕತೊಡಗಿದರು. ಈಗ ಆ ಕಾಗದಕ್ಕೆ ತೆರಿಗೆ ವಿನಾಯಿತಿಯೂ ಇಲ್ಲ, ಮತವೂ ಇಲ್ಲ. ಹೆಸರಿನ ಕಾಗುಣಿತದ ತಕರಾರು ಮಾತ್ರ ಜೀವಂತವಾಗಿತ್ತು. ಪೋಲಿಷ್ ಹೆಸರುಗಳಲ್ಲಿ ಬರುವ ‘ಡಬ್ಲ್ಯೂ’ ಅಕ್ಷರ ಲಿಥುವೇನಿಯನ್ ವರ್ಣಮಾಲೆಯಲ್ಲಿಲ್ಲ. ಅದನ್ನು ಗುರುತಿನ ಚೀಟಿಯಲ್ಲಿ ಬರೆಯಲು ಅವಕಾಶ ಕೊಟ್ಟ ಕಾನೂನು ಜಾರಿಯಾದದ್ದು 2022ರಲ್ಲಿ.

ವಿಲ್ನಿಯಸ್ಸಿನ ನಡುವೆ ಗೆದಿಮಿನಸ್ ಬೆಟ್ಟವಿದೆ. ಅದರ ಮಣ್ಣು ಕುಸಿಯುತ್ತಿದ್ದಾಗ ಭೂಶೋಧನೆ ಮಾಡುತ್ತಿದ್ದವರಿಗೆ 2017ರಲ್ಲಿ ಅಸ್ಥಿಗಳು ಸಿಕ್ಕವು. ಒಂದು ಬೆರಳಿನ ಬಳಿ ಚಿನ್ನದ ಮದುವೆಯುಂಗುರ. ಅದರ ಮೇಲೆ ಪೋಲಿಷ್‌ನಲ್ಲಿ ಜಿಗ್ಮುಂತ್, ಅಪೊಲೋನಿಯ ಎಂಬ ಎರಡು ಹೆಸರುಗಳು, ಮತ್ತು ಆಗಸ್ಟ್ 11/ಜುಲೈ 30, 1862 ಎಂಬ ಎರಡು ತಾರೀಖುಗಳು. ಎರಡೂ ಒಂದೇ ದಿನ. ಮೊದಲನೆಯದು ಯುರೋಪಿನ ಪಂಚಾಂಗದ್ದು, ಎರಡನೆಯದು ಹನ್ನೆರಡು ದಿನ ಹಿಂದಿದ್ದ ರಷ್ಯದ ಪಂಚಾಂಗದ್ದು. ಹಾಗೆ ಸೆರಕೋವ್ಸ್ಕಿಯ ಗುರುತು ಸಿಕ್ಕಿತು. ಮುರವ್ಯೋವ್ ಗುಟ್ಟಾಗಿ ಹೂಳಿಸಿದ್ದ ಇಪ್ಪತ್ತು ಬಂಡುಕೋರರ ಅಸ್ಥಿಗಳು ಅಲ್ಲಿದ್ದವು, ಕಲಿನೋವ್ಸ್ಕಿಯವೂ ಸೇರಿ. 2019ರ ನವೆಂಬರ್ 22ರಂದು ಅವನ್ನು ರಾಸೋಸ್ ರುದ್ರಭೂಮಿಯಲ್ಲಿ ಸರ್ಕಾರಿ ಗೌರವದೊಡನೆ ಮತ್ತೆ ಸಮಾಧಿ ಮಾಡಿದರು. ಲಿಥುವೇನಿಯ ಮತ್ತು ಪೋಲೆಂಡಿನ ಅಂದಿನ ಅಧ್ಯಕ್ಷರು ಜೊತೆಯಾಗಿ ನಿಂತಿದ್ದರು. ಬೆಲಾರೂಸಿನಿಂದ ಬಂದ ಜನ ಬಿಳಿ–ಕೆಂಪು–ಬಿಳಿ ಬಾವುಟ ಹಿಡಿದಿದ್ದರು. ಅವರಿಗೆ ಅವನು ಕಸ್ತೂಸ್ ಕಲಿನೋವ್ಸ್ಕಿ, ಪೋಲೆಂಡಿನವರಿಗೆ ಕೊನ್ಸ್ತಾಂತಿ ಕಲಿನೋವ್ಸ್ಕಿ, ಲಿಥುವೇನಿಯದವರಿಗೆ ಕೊನ್ಸ್ತಾಂತಿನಸ್ ಕಲಿನೌಸ್ಕಸ್.